ಫೈಲಿನ ವೇಗ: ಗಡಿಯಾರ ಅಳೆದದ್ದು ಏನನ್ನು?

ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವವರು ಒಂದಲ್ಲ ಒಂದು ದಿನ ಮಾಡಿಯೇ ತೀರುವ ಪರೀಕ್ಷೆ ಒಂದಿದೆ. ದೊಡ್ಡದೊಂದು ಫೈಲು ತೆಗೆದುಕೊಳ್ಳುತ್ತಾರೆ. ಹೊತ್ತು ಗುರುತು ಹಾಕಿಕೊಳ್ಳುತ್ತಾರೆ. ಫೈಲನ್ನು ಮೊದಲಿಂದ ಕೊನೆಯವರೆಗೆ ಓದಿಸುತ್ತಾರೆ. ಮತ್ತೆ ಹೊತ್ತು ನೋಡುತ್ತಾರೆ. ಮೊದಲನೆಯದನ್ನು ಎರಡನೆಯದರಿಂದ ಕಳೆಯುತ್ತಾರೆ. ಬಂದ ಅಂಕಿಯನ್ನು ಹಿಡಿದು, ಈ ಭಾಷೆ ವೇಗದ್ದು, ಆ ಭಾಷೆ ನಿಧಾನದ್ದು ಎಂದು ತೀರ್ಪು ಕೊಡುತ್ತಾರೆ.

ಪರೀಕ್ಷೆ ಐದಾರು ಸಾಲಿನದು. ತೀರ್ಪು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು ನಂಬಿ ಕಚೇರಿಗಳು ಯಂತ್ರ ಕೊಳ್ಳುತ್ತವೆ. ಅದನ್ನೇ ಮೇಷ್ಟರು ತರಗತಿಯಲ್ಲಿ ಹೇಳುತ್ತಾರೆ. ಹಾಗಾಗಿ ಇವತ್ತು ನಾನು ಒಂದೇ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಆ ಗಡಿಯಾರ ನಿಜವಾಗಿ ಅಳೆದದ್ದು ಏನನ್ನು? ಡಿಸ್ಕನ್ನೋ, ಮೆಮೊರಿಯನ್ನೋ, ಭಾಷೆಯನ್ನೋ, ಇಲ್ಲಾ ಇವು ಯಾವುದೂ ಅಲ್ಲದ ಇನ್ನೇನನ್ನೋ?

ಮಾತಿಗೊಂದು ಆಧಾರ ಇರಲಿ ಎಂದು ಪೈಥಾನ್ ಭಾಷೆಯನ್ನು ಇಟ್ಟುಕೊಳ್ಳೋಣ. ಯಂತ್ರದಲ್ಲಿ ಲಿನಕ್ಸ್ ಇದೆ ಎನ್ನೋಣ. ಒಳಗೆ ತಿರುಗುವ ತಟ್ಟೆಗಳ ಹಳೆಯ ಹಾರ್ಡ್ ಡಿಸ್ಕ್ ಇದೆ. ಅಂಥ ಡಿಸ್ಕು ಒಂದು ಸೆಕೆಂಡಿಗೆ ಸುಮಾರು 150 ಎಂಬಿ ಓದಿಕೊಡುತ್ತದೆ. 1 ಜಿಬಿ ಫೈಲು ಓದಲು ಏಳು ಸೆಕೆಂಡು ಬೇಕು. ಸರಿ, ಓದಿಸಿದಿರಿ. ಏಳು ಸೆಕೆಂಡು ಆಯಿತು.

ಈಗ ಅದೇ ಪ್ರೋಗ್ರಾಮನ್ನು ಇನ್ನೊಮ್ಮೆ ಓಡಿಸಿ. ಅರ್ಧ ಸೆಕೆಂಡಿನಲ್ಲಿ ಮುಗಿದುಹೋಗಬಹುದು. ಪ್ರೋಗ್ರಾಮಿನಲ್ಲಿ ಒಂದಕ್ಷರ ಬದಲಾಗಿಲ್ಲ. ಫೈಲೂ ಅದೇ. ಹಾಗಾದರೆ ಆರೂವರೆ ಸೆಕೆಂಡು ಎಲ್ಲಿ ಹೋಯಿತು?

ಕಿರಾಣಿ ಅಂಗಡಿಯವರು ಗೋದಾಮಿನಿಂದ ತೊಗರಿಬೇಳೆ ಮೂಟೆಯನ್ನು ಒಮ್ಮೆ ತಂದರೆ ಅದನ್ನು ಗಲ್ಲಾಪೆಟ್ಟಿಗೆಯ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ಮುಂದಿನ ಗಿರಾಕಿ ಬೇಳೆ ಕೇಳಿದಾಗ ಅಲ್ಲಿಂದಲೇ ಅಳೆದು ಕೊಡುತ್ತಾರೆ. ಲಿನಕ್ಸಿನ ತಿರುಳಾದ ಕರ್ನಲ್ ಎಂಬ ಭಾಗ ಮಾಡುವುದೂ ಇದನ್ನೇ. ಡಿಸ್ಕಿನಿಂದ ಓದಿದ್ದರ ಒಂದು ಪ್ರತಿಯನ್ನು ಖಾಲಿ ಇರುವ ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತದೆ. ಆ ಜಾಗಕ್ಕೆ ಪೇಜ್ ಕ್ಯಾಶ್ ಎನ್ನುತ್ತಾರೆ. ಎರಡನೆಯ ಸಲ ನಿಮ್ಮ ಪ್ರೋಗ್ರಾಮು ಓದಿದ್ದು ಅಲ್ಲಿಂದ. ಡಿಸ್ಕು ಅಲುಗಾಡಲೂ ಇಲ್ಲ.

ಇಲ್ಲಿ ಗಮನಿಸಿ. ಏಳು ಸೆಕೆಂಡು ಎಂಬುದೂ ನಿಜ, ಅರ್ಧ ಸೆಕೆಂಡು ಎಂಬುದೂ ನಿಜ. ಮೊದಲನೆಯದು ಡಿಸ್ಕಿನ ಅಳತೆ, ಎರಡನೆಯದು ಮೆಮೊರಿಯ ಅಳತೆ. ತೊಂದರೆ ಶುರುವಾಗುವುದು ಎರಡು ಭಾಷೆಗಳನ್ನು ಹೋಲಿಸುವಾಗ. ಮೊದಲು ಪೈಥಾನಿನಲ್ಲಿ ಓದಿಸಿ, ಆಮೇಲೆ ಅದೇ ಫೈಲನ್ನು ಗೋ ಭಾಷೆಯಲ್ಲಿ ಓದಿಸಿದರೆ, ಎರಡನೆಯದಕ್ಕೆ ಕ್ಯಾಶ್ ಸಿದ್ಧವಾಗಿ ಕಾದಿರುತ್ತದೆ. ಸರದಿ ಅದಲುಬದಲಾದರೆ ಗೆಲ್ಲುವ ಭಾಷೆಯೂ ಬದಲಾಗುತ್ತದೆ.

ಇದಕ್ಕೆ ಉಪಾಯವಿದೆ. ಪ್ರತಿ ಸುತ್ತಿಗೂ ಮೊದಲು ಕ್ಯಾಶನ್ನು ಖಾಲಿ ಮಾಡಿಸಬಹುದು. ಮೊದಲು ಸಿಂಕ್ ಎಂಬ ಆಜ್ಞೆ ಕೊಡಬೇಕು. ಆಮೇಲೆ ಡ್ರಾಪ್ ಕ್ಯಾಶಸ್ ಎಂಬ ಹೆಸರಿನ ಕರ್ನಲ್ ಫೈಲಿಗೆ 3 ಎಂದು ಬರೆಯಬೇಕು. ಅದಕ್ಕೆ ಯಂತ್ರದ ಆಡಳಿತಾಧಿಕಾರ ಬೇಕು. ಆ ಅಧಿಕಾರ ನಿಮಗಿಲ್ಲದಿದ್ದರೆ, ಈ ಒಂದು ಫೈಲಿನ ಪ್ರತಿ ಇನ್ನು ಬೇಡ ಎಂದು ಪ್ರೋಗ್ರಾಮಿನಿಂದಲೇ ಕರ್ನಲ್‌ಗೆ ಸೂಚಿಸುವ ದಾರಿಯೂ ಇದೆ. ಪೈಥಾನಿನ 3.3ನೇ ಆವೃತ್ತಿಯಿಂದ ಅದಕ್ಕೊಂದು ಕರೆ ಸಿಗುತ್ತದೆ.

ಹಾಗಾದರೆ ಯಾವ ಅಂಕಿ ಬರೆಯಬೇಕು, ಕ್ಯಾಶ್ ಖಾಲಿ ಇರುವಾಗಿನ ತಣ್ಣಗಿನ ಓದಿನದೋ, ಕ್ಯಾಶ್ ತುಂಬಿರುವಾಗಿನ ಬಿಸಿ ಓದಿನದೋ? ನಿಮ್ಮ ಪ್ರೋಗ್ರಾಮು ದಿನಕ್ಕೊಮ್ಮೆ ಬೆಳಿಗ್ಗೆ ಎದ್ದು ನಿನ್ನೆಯ ಲೆಕ್ಕ ಓದುವುದಾದರೆ ತಣ್ಣಗಿನದು ಬೇಕು. ದಿನವಿಡೀ ಅದದೇ ಫೈಲುಗಳನ್ನು ತಿರುವಿಹಾಕುವುದಾದರೆ ಬಿಸಿಯದು ಬೇಕು. ಎರಡನ್ನೂ ಅಳೆದು, ಎರಡಕ್ಕೂ ಹೆಸರಿಟ್ಟು ಬರೆಯುವವರನ್ನು ಕಂಡರೆ ನನಗೆ ತುಂಬ ಗೌರವ.

ಇಲ್ಲಿಯವರೆಗೆ ಓದುವುದರ ಮಾತಾಯಿತು. ಎರಡನೆಯ ಸಲದ ಓದು ಮೆಮೊರಿಯಿಂದ ಬರುತ್ತದೆ ಎಂದು ಕಂಡೆವು. ಇನ್ನು ಬರೆಯುವುದರ ಕಡೆ ಹೋಗೋಣ. ಅಲ್ಲಿ ಗಡಿಯಾರ ಮೊದಲ ಸಲವೇ ನಮ್ಮನ್ನು ದಾರಿ ತಪ್ಪಿಸುತ್ತದೆ.

ಪ್ರೋಗ್ರಾಮು ಫೈಲಿಗೆ ಬರೆ ಎಂದು ಹೇಳುತ್ತದೆ. ಕರ್ನಲ್ ಅಕ್ಷರಗಳನ್ನು ತನ್ನ ಮೆಮೊರಿಗೆ ನಕಲು ಮಾಡಿಕೊಂಡು, ಬರೆದಾಯಿತು ಎಂದು ಉತ್ತರ ಕೊಡುತ್ತದೆ. ಗಡಿಯಾರ ಅಲ್ಲಿಗೆ ನಿಲ್ಲುತ್ತದೆ. ಆದರೆ ಡಿಸ್ಕಿಗೆ ಇನ್ನೂ ಏನೂ ಹೋಗಿಲ್ಲ. ಲಿನಕ್ಸಿನ ಸಾಮಾನ್ಯ ಏರ್ಪಾಡಿನಲ್ಲಿ, ಹೀಗೆ ಕಾದಿರುವ ಬರಹಕ್ಕೆ ಸುಮಾರು 30 ಸೆಕೆಂಡು ವಯಸ್ಸಾದ ಮೇಲೆ ಅದನ್ನು ಡಿಸ್ಕಿಗೆ ಇಳಿಸುವ ಕೆಲಸ ಶುರುವಾಗುತ್ತದೆ. ಆ 30 ಸೆಕೆಂಡಿನೊಳಗೆ ಕರೆಂಟು ಹೋದರೆ? ಬರಹ ಹೋಯಿತು. ಬ್ಯಾಟರಿ ಇಲ್ಲದ ಕಂಪ್ಯೂಟರಿನಲ್ಲಿ ಬಿಲ್ಲು ಹಾಕುವ ನಮ್ಮ ಊರುಗಳ ಅಂಗಡಿಗಳಲ್ಲಿ ಇದು ಪುಸ್ತಕದ ಸಮಸ್ಯೆಯಲ್ಲ. ಗಿರಾಕಿಯ ಕೈಯಲ್ಲಿ ಬಿಲ್ಲು ಇರುತ್ತದೆ, ಕಂಪ್ಯೂಟರಿನಲ್ಲಿ ಅದರ ಸುಳಿವೇ ಇರುವುದಿಲ್ಲ.

ಬರಹ ಡಿಸ್ಕಿಗೆ ಇಳಿಯುವವರೆಗೆ ಕಾಯುತ್ತೇನೆ ಎಂದು ಪ್ರೋಗ್ರಾಮು ಹಟ ಹಿಡಿಯಬಹುದು. ಅದಕ್ಕಿರುವ ಕರೆ ಎಫ್‌ಸಿಂಕ್. ಪೈಥಾನಿನಲ್ಲಾದರೆ ಮೊದಲು ಫ್ಲಶ್ ಮಾಡಬೇಕು, ಆಮೇಲೆ ಎಫ್‌ಸಿಂಕ್ ಮಾಡಬೇಕು. ಏಕೆಂದರೆ ಬರಹದ ಒಂದು ಪಾಲು ಪೈಥಾನಿನ ಸ್ವಂತ ಬಫರಿನಲ್ಲೂ, ಅಂದರೆ ಅದು ತಾತ್ಕಾಲಿಕವಾಗಿ ಕೂಡಿಟ್ಟುಕೊಳ್ಳುವ ಮೆಮೊರಿಯಲ್ಲೂ, ಕುಳಿತಿರುತ್ತದೆ. ಕರ್ನಲ್‌ಗೆ ಅದರ ಸುದ್ದಿಯೇ ಗೊತ್ತಿರುವುದಿಲ್ಲ.

ಎಫ್‌ಸಿಂಕ್ ಸೇರಿಸಿದ ಕೂಡಲೇ ಅಂಕಿ ಹೇಗೆ ಕುಸಿಯುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಎಸ್‌ಕ್ಯೂಲೈಟ್. ಇದು ನಿಮ್ಮ ಕಿಸೆಯ ಫೋನಿನಲ್ಲೂ ಇರುವ ಪುಟ್ಟ ಡೇಟಾಬೇಸ್. ರಿಚರ್ಡ್ ಹಿಪ್ ಎಂಬವರು 2000ದಲ್ಲಿ ಅದನ್ನು ಹೊರತಂದರು. ಅದನ್ನು ಕಟ್ಟಿದವರೇ ತಮ್ಮ ಕೈಪಿಡಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಸಾಧಾರಣ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 50,000 ದಾಖಲೆಗಳನ್ನು ಸಲೀಸಾಗಿ ಸೇರಿಸಬಹುದು. ಆದರೆ ಒಂದೊಂದು ದಾಖಲೆಯೂ ಡಿಸ್ಕಿಗೆ ಭದ್ರವಾಗಿ ಇಳಿಯುವವರೆಗೆ ಕಾಯುವುದಾದರೆ, ತಿರುಗುವ ಡಿಸ್ಕಿನಲ್ಲಿ ಸೆಕೆಂಡಿಗೆ ಸುಮಾರು 60 ಮಾತ್ರ.

ಈ 60 ಎಲ್ಲಿಂದ ಬಂತು? ಲೆಕ್ಕ ಸುಲಭ, ಕೇಳುತ್ತಲೇ ಮಾಡಬಹುದು. ಡಿಸ್ಕು ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 120 ಸುತ್ತು. ಒಂದು ದಾಖಲೆಯನ್ನು ಭದ್ರವಾಗಿ ಬರೆಯಲು ಎರಡು ಪೂರ್ತಿ ಸುತ್ತು ಬೇಕು. 120ರಲ್ಲಿ ಅರ್ಧ 60.

ಈ ಪುಟ್ಟ ಲೆಕ್ಕ ನನಗೆ ಬಹಳ ಇಷ್ಟ. ಏಕೆಂದರೆ ಇದನ್ನೇ ತಿರುಗಿಸಿ ಹಿಡಿದರೆ ಸುಳ್ಳು ಅಂಕಿಯನ್ನು ಹಿಡಿಯಬಹುದು. ಇಂಥ ಡಿಸ್ಕಿನ ಮೇಲೆ, ಒಂದೊಂದು ದಾಖಲೆಗೂ ಎಫ್‌ಸಿಂಕ್ ಮಾಡಿ, ಸೆಕೆಂಡಿಗೆ 5,000 ಬರೆದೆ ಎಂದು ಯಾರಾದರೂ ಹೇಳಿದರೆ ನಂಬುವ ಹಾಗಿಲ್ಲ. ತಟ್ಟೆ ಅಷ್ಟು ಸುತ್ತು ತಿರುಗುವುದೇ ಇಲ್ಲ. ಬರಹ ಎಲ್ಲೋ ನಡುವೆ, ಬಹುಶಃ ಡಿಸ್ಕಿನೊಳಗಿನ ಸಣ್ಣ ಮೆಮೊರಿಯಲ್ಲಿ, ನಿಂತಿದೆ ಎಂದೇ ಅರ್ಥ. ಈಗಿನ ಎಸ್‌ಎಸ್‌ಡಿಗಳಲ್ಲಿ ತಿರುಗುವ ತಟ್ಟೆಯಿಲ್ಲ, ಅವುಗಳ ಮಿತಿ ಬೇರೆ. ಆದರೂ ಸಾಧ್ಯವಾದದ್ದಕ್ಕಿಂತ ಹೆಚ್ಚಿನ ವೇಗ ಕಂಡರೆ ಅನುಮಾನಪಡುವ ಅಭ್ಯಾಸ ಅಲ್ಲಿಯೂ ಬೇಕು.

ಇನ್ನೊಂದು ಸೂಕ್ಷ್ಮವಿದೆ. ಆಪಲ್ಲಿನ ಮ್ಯಾಕ್ ಯಂತ್ರಗಳಲ್ಲಿ ಎಫ್‌ಸಿಂಕ್ ಬರಹವನ್ನು ಡಿಸ್ಕಿನವರೆಗೆ ಕಳುಹಿಸುತ್ತದೆ ಅಷ್ಟೆ. ಡಿಸ್ಕು ತನ್ನೊಳಗಿನ ಮೆಮೊರಿಯಿಂದ ಅದನ್ನು ಕಾಯಂ ಜಾಗಕ್ಕೆ ಇಳಿಸುವವರೆಗೆ ಕಾಯುವುದಿಲ್ಲ. ಹಾಗೆ ಕಾಯಲು ಬೇರೆಯದೇ ಆಜ್ಞೆ ಇದೆ. ಹಾಗಾಗಿ ಲಿನಕ್ಸ್ ಯಂತ್ರವನ್ನೂ ಮ್ಯಾಕ್ ಯಂತ್ರವನ್ನೂ ಅಕ್ಕಪಕ್ಕ ಇಟ್ಟು, ಒಂದೇ ಪ್ರೋಗ್ರಾಮು ಓಡಿಸಿ, ಮ್ಯಾಕ್ ಹಲವು ಪಟ್ಟು ವೇಗ ಎಂದರೆ ಅದು ಸಮನಾದ ಹೋಲಿಕೆಯಾಗುವುದಿಲ್ಲ. ಎರಡು ಯಂತ್ರಗಳು ಬೇರೆ ಬೇರೆ ಮಾತು ಕೊಟ್ಟಿವೆ.

ಕೇಳುಗರೇ, ಈವರೆಗೆ ಎರಡು ವಿಷಯ ಆಯಿತು. ಓದುವಾಗ ಮೆಮೊರಿ ಡಿಸ್ಕಿನ ವೇಷ ಹಾಕುತ್ತದೆ. ಬರೆಯುವಾಗ ಕೆಲಸ ಮುಗಿಯುವ ಮೊದಲೇ ಗಡಿಯಾರ ನಿಲ್ಲುತ್ತದೆ. ಈಗ ಭಾಷೆಯ ಪಾಲು ಎಷ್ಟು ಎಂದು ನೋಡೋಣ.

ಪೈಥಾನಿನ ಇತಿಹಾಸದಲ್ಲೇ ಇದಕ್ಕೊಂದು ಪಾಠವಿದೆ. 2008ರ ಡಿಸೆಂಬರಿನಲ್ಲಿ ಪೈಥಾನ್ 3.0 ಬಂತು. ಅದರಲ್ಲಿ ಫೈಲು ಓದುವ, ಬರೆಯುವ ಭಾಗವನ್ನು ಹೊಸದಾಗಿ ಕಟ್ಟಿದ್ದರು. ವಿನ್ಯಾಸ ಚೊಕ್ಕವಾಗಿತ್ತು, ಮೂರು ಪದರಗಳದ್ದು. ಕೆಳಗಿನ ಪದರ ಕರ್ನಲ್ ಜತೆ ನೇರವಾಗಿ ಮಾತಾಡುತ್ತದೆ. ನಡುವಿನ ಪದರ ಬಫರ್, ಅಂದರೆ ಚಿಲ್ಲರೆ ಬೈಟುಗಳನ್ನು ಕೂಡಿಹಾಕಿ ಒಟ್ಟಿಗೆ ಕಳುಹಿಸುತ್ತದೆ. ಮೇಲಿನ ಪದರ ಬೈಟುಗಳನ್ನು ಅಕ್ಷರಗಳನ್ನಾಗಿ ಮಾಡುತ್ತದೆ. ಇದರ ಹೆಚ್ಚಿನ ಭಾಗವನ್ನು ಪೈಥಾನಿನಲ್ಲಿಯೇ ಬರೆದಿದ್ದರು. ಅದು ತೀರಾ ನಿಧಾನ ಎಂದು ಬೇಗನೆ ತಿಳಿಯಿತು. 2009ರ ಜೂನಿನಲ್ಲಿ 3.1 ಬಂದಾಗ ಇಡೀ ಭಾಗವನ್ನು ಸಿ ಭಾಷೆಯಲ್ಲಿ ಮರಳಿ ಬರೆದಿದ್ದರು. ಕೆಲಸಕ್ಕೆ ತಕ್ಕಂತೆ 2 ರಿಂದ 20 ಪಟ್ಟು ವೇಗ ಹೆಚ್ಚಿತು ಎಂದು ಆ ಆವೃತ್ತಿಯ ಜತೆಗೇ ಪ್ರಕಟಿಸಿದರು.

ಯೋಚಿಸಿ ನೋಡಿ. ಭಾಷೆಯ ಹೆಸರು ಅದೇ. ನಿಮ್ಮ ಪ್ರೋಗ್ರಾಮಿನ ಸಾಲುಗಳು ಅವೇ. ಆರೇಳು ತಿಂಗಳ ಅಂತರದಲ್ಲಿ 20 ಪಟ್ಟು ಫರಕು ಬರಬಹುದಾಯಿತು. ಹಾಗಿರುವಾಗ, ಪೈಥಾನ್ ಫೈಲು ಓದುವುದರಲ್ಲಿ ನಿಧಾನ ಎಂದು ಆವೃತ್ತಿಯ ಸಂಖ್ಯೆ ಹೇಳದೆ ಬರೆಯುವುದರಲ್ಲಿ ಏನು ಅರ್ಥವಿದೆ? ಅಂಥ ವಾಕ್ಯಗಳು ಹತ್ತು ವರ್ಷ ಕಳೆದರೂ ಪಾಠದ ಟಿಪ್ಪಣಿಗಳಲ್ಲಿ ಹಾಗೇ ಇರುತ್ತವೆ. ಇದು ನನಗೆ ನೋವಿನ ವಿಷಯ. ಒಳ್ಳೆಯ ಕೆಲಸ ಮಾಡಿ ಸರಿಪಡಿಸಿದವರಿಗೆ ಅದು ಮಾಡುವ ಅನ್ಯಾಯ.

ನಡುವಿನ ಪದರ ಎಂದೆನಲ್ಲ, ಆ ಬಫರಿನ ಮಹಿಮೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಫೈಲಿಗೆ 10 ಲಕ್ಷ ಬೈಟುಗಳನ್ನು ಒಂದೊಂದಾಗಿ ಬರೆಯಬೇಕು ಎನ್ನಿ. ಬಫರ್ ಬೇಡ ಎಂದು ಹೇಳಿ ಫೈಲು ತೆರೆದರೆ, ಕರ್ನಲ್ ಬಾಗಿಲನ್ನು 10 ಲಕ್ಷ ಸಲ ತಟ್ಟಬೇಕು. ಒಂದೊಂದು ಸಲಕ್ಕೆ ಹಿಡಿಯುವ ಹೊತ್ತು ಅತ್ಯಲ್ಪ. 10 ಲಕ್ಷ ಸಲ ಸೇರಿದಾಗ ಅದೇ ದೊಡ್ಡ ಮೊತ್ತ. ಪೈಥಾನಿನಲ್ಲಿ ಬಹುಕಾಲ ಇದ್ದ ಬಫರಿನ ಅಳತೆ ಸುಮಾರು 8,000 ಬೈಟು. ಆ ಬಫರ್ ಇದ್ದರೆ ಅದೇ 10 ಲಕ್ಷ ಬೈಟುಗಳಿಗೆ ಬಾಗಿಲು ತಟ್ಟುವುದು ಸುಮಾರು 120 ಸಲ ಮಾತ್ರ. ಈ ಎಣಿಕೆಯನ್ನು ನೀವೇ ನೋಡಬಹುದು. ಲಿನಕ್ಸಿನಲ್ಲಿ ಎಸ್‌ಟ್ರೇಸ್ ಎಂಬ ಉಪಕರಣವಿದೆ. ಪ್ರೋಗ್ರಾಮು ಎಷ್ಟು ಸಲ ಕರ್ನಲ್ಲನ್ನು ಕರೆಯಿತು ಎಂದು ಅದು ಪಟ್ಟಿ ಮಾಡಿ ಕೊಡುತ್ತದೆ. ವಿದ್ಯಾರ್ಥಿಗಳು ಗಡಿಯಾರ ಹಿಡಿಯುವುದಕ್ಕೂ ಮೊದಲು ಈ ಎಣಿಕೆ ನೋಡುವುದನ್ನು ಕಲಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊತ್ತು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಕರೆಗಳ ಎಣಿಕೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಬೇರೆ ಭಾಷೆಗಳಲ್ಲೂ ಇದೇ ಕಥೆ. ಸಿ ಪ್ಲಸ್ ಪ್ಲಸ್ ವೇಗದ ಭಾಷೆ ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಅದರ ಇನ್‌ಪುಟ್ ಭಾಗ, ಹಳೆಯ ಸಿ ಭಾಷೆಯ ಇನ್‌ಪುಟ್ ಜತೆ ಹೊಂದಿಕೊಂಡು ಹೋಗಬೇಕೆಂಬ ಕಟ್ಟಳೆಯನ್ನು ತಾನಾಗಿಯೇ ಹಾಕಿಕೊಂಡಿರುತ್ತದೆ. ಆ ಕಟ್ಟಳೆಯನ್ನು ಒಂದು ಸಾಲು ಬರೆದು ತೆಗೆಯದಿದ್ದರೆ, ಸಾಲು ಸಾಲಾಗಿ ಓದುವ ಕೆಲಸದಲ್ಲಿ ಅದು ಪೈಥಾನಿಗಿಂತಲೂ ಹಿಂದೆ ಬೀಳುವುದುಂಟು. ಜಾವಾದ್ದು ಇನ್ನೊಂದು ಬಗೆ. ಅದು ಓಡುತ್ತ ಓಡುತ್ತ ತನ್ನನ್ನು ತಾನು ಚುರುಕು ಮಾಡಿಕೊಳ್ಳುತ್ತದೆ. ಮೊದಲ ಸುತ್ತುಗಳನ್ನು ಲೆಕ್ಕಕ್ಕೆ ಹಿಡಿದರೆ ಅದಕ್ಕೆ ಮೋಸವಾಗುತ್ತದೆ.

ಪದರಗಳ ಮಾತಿನಲ್ಲಿ ಕೆಳಗಿನದೂ ನಡುವಿನದೂ ಆಯಿತು. ಉಳಿದದ್ದು ಮೇಲಿನ ಪದರ, ಬೈಟುಗಳನ್ನು ಅಕ್ಷರ ಮಾಡುವುದು. ಕನ್ನಡಿಗರಾದ ನಮಗೆ ಇದೇ ಎಲ್ಲಕ್ಕಿಂತ ಮುಖ್ಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಕನ್ನಡ ಎಂಬ ಪದವನ್ನೇ ತೆಗೆದುಕೊಳ್ಳಿ. ಕಿವಿಗೆ ಮೂರಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಐದು ಸಂಕೇತ. ಕ ಒಂದು, ನ ಒಂದು, ಒತ್ತಕ್ಷರಕ್ಕಾಗಿ ಹಲಂತದ ಗುರುತು ಒಂದು, ಮತ್ತೆ ನ, ಕೊನೆಗೆ ಡ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಇವುಗಳಲ್ಲಿ ಒಂದೊಂದಕ್ಕೂ ಮೂರು ಬೈಟು. ಒಟ್ಟು 15 ಬೈಟು. ಅದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 7 ಬೈಟು.

ಇಂಗ್ಲಿಷ್ ಪಠ್ಯ ಓದುವಾಗ ಪೈಥಾನಿಗೆ ಒಂದು ಹತ್ತಿರದ ದಾರಿ ಸಿಗುತ್ತದೆ. ಎಂಟು ಬೈಟುಗಳನ್ನು ಒಟ್ಟಿಗೆ ನೋಡಿ, ಎಲ್ಲವೂ ಸಾದಾ ಇಂಗ್ಲಿಷ್ ಅಕ್ಷರಗಳೇ ಎಂದು ಖಚಿತವಾದರೆ ಹಾಗೆ ಹಾಗೇ ಎತ್ತಿಕೊಳ್ಳುತ್ತದೆ. ಕನ್ನಡಕ್ಕೆ ಆ ದಾರಿ ಇಲ್ಲ. ಮೂರು ಮೂರು ಬೈಟುಗಳನ್ನು ಬಿಡಿಸಿ, ಸರಿಯಿವೆಯೇ ಎಂದು ಪರೀಕ್ಷಿಸಿ, ಒಂದೊಂದು ಸಂಕೇತವನ್ನಾಗಿ ಕಟ್ಟಬೇಕು. ಹಾಗಾಗಿ ಇಂಗ್ಲಿಷ್ ಪಠ್ಯದ ಮೇಲೆ ನಡೆದ ವೇಗದ ಪರೀಕ್ಷೆಯ ಅಂಕಿ ಕನ್ನಡ ಪಠ್ಯಕ್ಕೆ ಅನ್ವಯಿಸುವುದಿಲ್ಲ. ಕನ್ನಡದ ನಿಘಂಟು, ಶಾಸನ ಸಂಗ್ರಹ, ಹಳೆಯ ಪತ್ರಿಕೆಗಳ ಪಠ್ಯ, ಇಂಥವುಗಳ ಮೇಲೆ ಕೆಲಸ ಮಾಡುವವರು ತಮ್ಮ ಪಠ್ಯದಲ್ಲೇ ಅಳೆಯಬೇಕು.

ಮೆಮೊರಿಯಲ್ಲಿ ಇನ್ನೊಂದು ಕೌತುಕ ನಡೆಯುತ್ತದೆ. 2012ರಲ್ಲಿ ಬಂದ ಪೈಥಾನ್ 3.3ರಿಂದ ಈಚೆಗೆ, ಒಂದು ಪಠ್ಯದಲ್ಲಿ ಎಂಥ ಅಕ್ಷರಗಳಿವೆ ಎಂದು ನೋಡಿಕೊಂಡು ಜಾಗ ಹಂಚುತ್ತಾರೆ. ಬರೀ ಇಂಗ್ಲಿಷ್ ಆದರೆ ಅಕ್ಷರಕ್ಕೆ ಒಂದು ಬೈಟು. ಕನ್ನಡ ಬಂದರೆ ಎಲ್ಲ ಅಕ್ಷರಕ್ಕೂ ಎರಡೆರಡು. ಫೋನಿನಲ್ಲಿ ಕಳುಹಿಸುವ ನಗುಮುಖದ ಎಮೋಜಿ ಒಂದೇ ಒಂದು ಬಂದರೂ ಸಾಕು, ಇಡೀ ಪಠ್ಯದ ಎಲ್ಲ ಅಕ್ಷರಕ್ಕೂ ನಾಲ್ಕು ನಾಲ್ಕು.

ಈಗ ಲೆಕ್ಕ ಹಾಕಿ. ಬರೀ ಕನ್ನಡ ಅಕ್ಷರಗಳೇ ತುಂಬಿದ 1 ಜಿಬಿ ಫೈಲು ಎನ್ನೋಣ. ಅದರಲ್ಲಿ ಸುಮಾರು 33 ಕೋಟಿ ಸಂಕೇತಗಳು. ಅಷ್ಟನ್ನೂ ಒಂದೇ ಉಸಿರಿಗೆ ಓದಿದರೆ ಮೆಮೊರಿಯಲ್ಲಿ ಹಿಡಿಯುವ ಜಾಗ ಸುಮಾರು 67 ಕೋಟಿ ಬೈಟು. ಡಿಸ್ಕಿನಲ್ಲಿದ್ದುದಕ್ಕಿಂತ ಕಡಿಮೆ. ಆ ಫೈಲಿನ ಯಾವುದೋ ಮೂಲೆಯಲ್ಲಿ ಒಂದು ಎಮೋಜಿ ಇದ್ದರೆ 133 ಕೋಟಿ ಬೈಟು. ಡಿಸ್ಕಿನಲ್ಲಿದ್ದುದಕ್ಕಿಂತ ಹೆಚ್ಚು. ನಿಮ್ಮ ಯಂತ್ರದ ಮೆಮೊರಿ ಅಷ್ಟಕ್ಕೆ ಸಾಲದಿದ್ದರೆ ಓದಿನ ವೇಗ ದಿಢೀರನೆ ಕುಸಿಯುತ್ತದೆ. ಕಾರಣ ಫೈಲಿನ ಒಂದೇ ಒಂದು ಅಕ್ಷರ. ಸಾಲು ಸಾಲಾಗಿ ಓದಿದ್ದರೆ ಆ ಒಂದು ಸಾಲಿಗೆ ಮಾತ್ರ ಹೊರೆ ಬೀಳುತ್ತಿತ್ತು. ಕನ್ನಡದ ದೊಡ್ಡ ಫೈಲುಗಳನ್ನು ಸಾಲು ಸಾಲಾಗಿ ಓದಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಓದು, ಬರಹ, ಭಾಷೆಯ ಪದರಗಳು, ಕನ್ನಡದ ಬೈಟುಗಳು, ಇಷ್ಟಾಯಿತು. ಪರೀಕ್ಷೆಗೆ ಕೂರುವ ಮೊದಲು ನೋಡಿಕೊಳ್ಳಬೇಕಾದ ಕೆಲವು ಸಣ್ಣ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬರೀ ಸೊನ್ನೆಗಳನ್ನು ತುಂಬಿದ ಫೈಲಿನಿಂದ ಅಳೆಯಬೇಡಿ. ಕೆಲವು ಫೈಲ್ ವ್ಯವಸ್ಥೆಗಳು ಸೊನ್ನೆಗಳನ್ನು ಒತ್ತಿ ಚಿಕ್ಕದು ಮಾಡಿ, ಡಿಸ್ಕಿಗೆ ಹೆಚ್ಚೇನೂ ಬರೆಯದೆಯೇ ಮುಗಿಸಿಬಿಡುತ್ತವೆ. ಟೆಂಪ್ ಎಂಬ ತಾತ್ಕಾಲಿಕ ಫೋಲ್ಡರಿನಲ್ಲಿ ಪರೀಕ್ಷೆ ಮಾಡುವ ಮುನ್ನ ವಿಚಾರಿಸಿಕೊಳ್ಳಿ. ಹಲವು ಲಿನಕ್ಸ್ ಯಂತ್ರಗಳಲ್ಲಿ ಅದು ಡಿಸ್ಕಿನಲ್ಲಿರುವುದೇ ಇಲ್ಲ, ಮೆಮೊರಿಯಲ್ಲಿರುತ್ತದೆ. ಹೊತ್ತು ಹಿಡಿಯಲು ಗೋಡೆ ಗಡಿಯಾರದಂಥ ಸಾಮಾನ್ಯ ಸಮಯವನ್ನು ಬಳಸಬೇಡಿ, ಅದನ್ನು ನೆಟ್‌ವರ್ಕ್ ನಡುವೆಯೇ ತಿದ್ದಬಹುದು. ಪೈಥಾನಿನಲ್ಲಿ ಪರ್ಫ್ ಕೌಂಟರ್ ಎಂಬ ಕರೆ ಇರುವುದೇ ಇದಕ್ಕಾಗಿ. ಬಾಡಿಗೆಯ ಕ್ಲೌಡ್ ಯಂತ್ರವಾದರೆ ಇನ್ನೂ ಎಚ್ಚರ ಬೇಕು. ಅಮೆಜಾನಿನ ಒಂದು ಬಗೆಯ ಡಿಸ್ಕು ಸೆಕೆಂಡಿಗೆ 3,000 ಕೆಲಸಗಳಂತೆ ಸುಮಾರು ಅರ್ಧ ಗಂಟೆ ಓಡುವಷ್ಟು ಉಳಿತಾಯವನ್ನು ಮೊದಲೇ ಕೊಟ್ಟಿರುತ್ತದೆ. ಅದು ಚಿಕ್ಕ ಗಾತ್ರದ ಡಿಸ್ಕಾಗಿದ್ದರೆ, ಉಳಿತಾಯ ಮುಗಿದ ಮೇಲೆ ವೇಗ ಇಳಿಯುತ್ತದೆ. ಹತ್ತು ನಿಮಿಷದ ಪರೀಕ್ಷೆಯಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಕೊನೆಯ ವಿಷಯ, ಹಲವು ಸಲ ಓಡಿಸಿದ ಮೇಲೆ ಯಾವ ಅಂಕಿಯನ್ನು ಆರಿಸಬೇಕು ಎಂಬುದು. ಪೈಥಾನಿನ ಜತೆಗೇ ಬರುವ ಟೈಮ್‌ಇಟ್ ಎಂಬ ಉಪಕರಣದ ಕೈಪಿಡಿ ಹೇಳುವುದು, ಎಲ್ಲಕ್ಕಿಂತ ಕಡಿಮೆ ಹೊತ್ತನ್ನು ನೋಡಿ ಎಂದು. ಹೆಚ್ಚಿನ ಹೊತ್ತು ಬರುವುದು ಸಾಮಾನ್ಯವಾಗಿ ಯಂತ್ರದ ಬೇರೆ ಕೆಲಸಗಳ ಅಡ್ಡಿಯಿಂದ ಎಂಬುದು ಅದರ ತರ್ಕ. ಲೆಕ್ಕಾಚಾರದ ಪ್ರೋಗ್ರಾಮಿಗೆ ಈ ಮಾತು ಸರಿ. ಫೈಲಿನ ವಿಷಯದಲ್ಲಿ ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಡಿಸ್ಕಿನ ಅಡ್ಡಿ ಹೊರಗಿನದಲ್ಲ, ಫೈಲು ಬರೆಯುವ ಕೆಲಸದಲ್ಲೇ ಸೇರಿದ್ದು. ನೂರು ಸಲ ಎಫ್‌ಸಿಂಕ್ ಮಾಡಿದಾಗ ತೊಂಬತ್ತೊಂಬತ್ತು ಸಲ ಕ್ಷಣದಲ್ಲಿ ಮುಗಿದು, ಒಂದು ಸಲ ಎರಡು ಸೆಕೆಂಡು ಹಿಡಿಯಿತು ಎನ್ನಿ. ಕನಿಷ್ಠ ಅಂಕಿಯಲ್ಲಿ ಆ ಎರಡು ಸೆಕೆಂಡು ಕಾಣುವುದೇ ಇಲ್ಲ. ಸರಾಸರಿಯಲ್ಲಿ ಕರಗಿಹೋಗುತ್ತದೆ. ರೈಲ್ವೆ ಟಿಕೆಟ್ ಕೌಂಟರಿನ ಸಾಲಿನಲ್ಲಿ ನಿಂತವರೂ ಅವರ ಹಿಂದೆ ನಿಂತವರೆಲ್ಲರೂ ಕಾಯುವುದು ಆ ಎರಡು ಸೆಕೆಂಡನ್ನು. ಆದ್ದರಿಂದ ಬಂದ ಹೊತ್ತುಗಳನ್ನೆಲ್ಲ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ಬರೆದಿಡಿ. ಮೊದಲ ಸಾಲಿನ ಅಂಕಿಯನ್ನು ಪ್ರಕಟಿಸುವಾಗ ಕೊನೆಯ ಸಾಲಿನದನ್ನೂ ಅದರ ಪಕ್ಕದಲ್ಲೇ ಅಚ್ಚು ಹಾಕಿಸಿ.